ಬಕೆಟ್ ಲಿಸ್ಟಿನ ಹಳೆಯ ಸಾಹಸಗಳು: ಮೊದಲು ಖಾಲಿ ಹಾಳೆ, ಆಮೇಲೆ ಆಲ್ಬಂ

ಇಪ್ಪತ್ತರ ಹರೆಯದಲ್ಲಿ ಬರೆದ ಬಕೆಟ್ ಲಿಸ್ಟ್, ಅಂದರೆ ಬದುಕಿನಲ್ಲಿ ಒಮ್ಮೆಯಾದರೂ ಮಾಡಬೇಕು ಎಂದುಕೊಂಡವುಗಳ ಪಟ್ಟಿ, ಐವತ್ತರ ಆಸುಪಾಸಿನಲ್ಲಿ ಮತ್ತೆ ಕೈಗೆ ಸಿಕ್ಕರೆ ಎಲ್ಲರೂ ಮಾಡುವ ಮೊದಲ ಕೆಲಸ ಫೋಟೋ ಹುಡುಕುವುದು. ಎಡವುವುದೇ ಅಲ್ಲಿ. ವಿಮಾನದಿಂದ ಜಿಗಿದದ್ದು, ಸಮುದ್ರದ ತಳ ಮುಟ್ಟಿದ್ದು, ಹಿಮದ ಕಣಿವೆ ದಾಟಿದ್ದು, ಇವುಗಳಲ್ಲಿ ಯಾವುದನ್ನೇ ಬರೆದಿಡುವ ಮನಸ್ಸಿದ್ದರೂ ಮೊದಲು ಖಾಲಿ ಹಾಳೆ ಬೇಕು, ಆಲ್ಬಂ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಸರಿಪಡಿಸಲು ಬರುವುದಿಲ್ಲ. ಒಮ್ಮೆ ಫೋಟೋ ಕಣ್ಣಿಗೆ ಬಿದ್ದ ಮೇಲೆ, ತಲೆಯಲ್ಲಿರುವುದು ಆ ದಿನದ ನೆನಪೋ ಫೋಟೋದ ನೆನಪೋ ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗದು.

ಇದು ಉತ್ಪ್ರೇಕ್ಷೆ ಅನ್ನಿಸಿದರೆ 2002ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಮಂದಿಗೆ ಅವರವರ ಬಾಲ್ಯದ ಫೋಟೋಗಳನ್ನು ತೋರಿಸಿದರು. ನಡುವೆ ಒಂದು ನಕಲಿ ಸೇರಿಸಿದ್ದರು: ಬಿಸಿಗಾಳಿ ಬಲೂನಿನ ಬುಟ್ಟಿಯಲ್ಲಿ ಅದೇ ಮಗುವನ್ನು ಕೂಡಿಸಿ ತಯಾರಿಸಿದ ಚಿತ್ರ. ಇವರು ಯಾರೂ ಬಲೂನು ಹತ್ತಿಲ್ಲ ಎಂದು ಮನೆಯವರಿಂದ ಮೊದಲೇ ಖಚಿತಪಡಿಸಿಕೊಂಡಿದ್ದರು. ಮೂರು ಸಂದರ್ಶನ ಮುಗಿಯುವಷ್ಟರಲ್ಲಿ ಅರ್ಧದಷ್ಟು ಮಂದಿ ಆ ಹಾರಾಟವನ್ನು ಪೂರ್ತಿಯೋ ಅರೆಬರೆಯೋ ‘ನೆನಪಿಸಿಕೊಂಡರು’. ಹತ್ತದ ಬಲೂನೇ ನೆನಪಾಗಬಹುದಾದರೆ, ನಿಜವಾಗಿ ಹತ್ತಿದ ಬೆಟ್ಟದ ಮೇಲೆ ಮಳೆ ಬಂದಿತ್ತೋ ಇಲ್ಲವೋ ಎಂಬುದರ ಗತಿ ಏನು?

ಜೊತೆಗೆ ಇನ್ನೊಂದು ತೊಡಕು. ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಮುಂದೆ ಮಿಕ್ಕೆಲ್ಲ ವಯಸ್ಸಿನವಕ್ಕಿಂತ ದಟ್ಟವಾಗಿ ಬರುತ್ತವೆ. ದಟ್ಟವಾಗಿ ಬಂದದ್ದೆಲ್ಲ ಸರಿ ಎಂಬ ಭ್ರಮೆಯೂ ಬೆನ್ನಿಗೇ ಬರುತ್ತದೆ. 1997ರಲ್ಲಿ ಟೆರೆನ್ಸ್ ಮಿಚೆಲ್ ಮತ್ತು ಸಂಗಡಿಗರು ಪ್ರವಾಸಿಗರ ಅಭಿಪ್ರಾಯವನ್ನು ಹೊರಡುವ ಮುನ್ನ, ದಾರಿಯಲ್ಲಿ, ಮರಳಿದ ಮೇಲೆ ಎಂದು ಮೂರು ಹಂತದಲ್ಲಿ ಕೇಳಿದರು. ಅವರಲ್ಲಿ ಮೂರು ವಾರ ಸೈಕಲ್ ತುಳಿದ ಒಂದು ತಂಡವೂ ಇತ್ತು. ಹೊರಡುವ ಮುನ್ನ ನಿರೀಕ್ಷೆ ದೊಡ್ಡದು, ಮರಳಿದ ಮೇಲೆ ನೆನಪು ಸಿಹಿ. ದಾರಿಯಲ್ಲಿದ್ದಾಗ ಮಾತ್ರ ಅಷ್ಟೇನೂ ಇಲ್ಲ. ಆದ್ದರಿಂದ ಸಾಹಸದ ನಡುವೆಯೇ ಗೀಚಿದ ಒಂದು ಸಾಲು ಸಿಕ್ಕರೆ, ಮರಳಿದ ಮೇಲೆ ಬರೆದ ಹತ್ತು ಪುಟಕ್ಕಿಂತ ಅದಕ್ಕೆ ಹೆಚ್ಚು ಬೆಲೆ ಕೊಡಿ. ಅದು ಬರೀ ‘ಕಾಲು ನೋವು, ವಾಪಸ್ ಹೋಗಬೇಕು’ ಎಂದಿದ್ದರೂ ಸರಿಯೇ.

ಖಾಲಿ ಹಾಳೆಯ ಕೆಲಸ ಹೀಗೆ. ಒಂದು ಸಾಹಸಕ್ಕೆ ಒಂದು ಹಾಳೆ, ಇಪ್ಪತ್ತು ನಿಮಿಷ, ಫೋನ್ ಪಕ್ಕದ ಕೋಣೆಯಲ್ಲಿ. ಜಿಗಿದ ಕ್ಷಣದಿಂದ ಶುರು ಮಾಡಬೇಡಿ. ಆ ಕ್ಷಣವನ್ನು ಇಷ್ಟು ವರ್ಷಗಳಲ್ಲಿ ನೂರು ಸಲ ಹೇಳಿ ಹೇಳಿ ನುಣ್ಣಗೆ ಮಾಡಿರುತ್ತೀರಿ. ಅಲ್ಲಿ ಉಳಿದಿರುವುದು ಘಟನೆಯಲ್ಲ, ಹೇಳುವ ಧಾಟಿ. ಅಂದು ರಾತ್ರಿ ಎಲ್ಲಿ ಮಲಗಿದಿರಿ, ಒದ್ದೆ ಬೂಟನ್ನು ಎಲ್ಲಿಟ್ಟಿರಿ, ಮರಳುವ ವಾಹನದಲ್ಲಿ ಪಕ್ಕದಲ್ಲಿ ಯಾರು ಕುಳಿತಿದ್ದರು ಎಂಬುದರಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಸಾಕ್ಷಿಗಳ ವಿಚಾರಣೆಗೆಂದು 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞರಾದ ಗೈಸಲ್‌ಮನ್ ಮತ್ತು ಫಿಶರ್ ರೂಪಿಸಿದ ವಿಧಾನದಲ್ಲೂ ಹೀಗೆ ಕೊನೆಯಿಂದ ಮೊದಲಿಗೆ ಹೇಳಿಸುವುದು ಒಂದು ಹಂತ. ಮುಂದಿನಿಂದ ಹೇಳಿದರೆ ‘ಸಾಮಾನ್ಯವಾಗಿ ಹೀಗೇ ಆಗುತ್ತದೆ’ ಎಂಬ ತರ್ಕ ಸಂದುಗಳನ್ನು ಸದ್ದಿಲ್ಲದೆ ತುಂಬಿಬಿಡುತ್ತದೆ. ಹಿಂದಿನಿಂದ ಬಂದಾಗ ಸಂದು ಸಂದಾಗಿಯೇ ಕಾಣುತ್ತದೆ.

ಪ್ರತಿ ಸಾಲಿನ ಪಕ್ಕದಲ್ಲಿ ಒಂದೇ ಅಕ್ಷರ ಹಾಕಿ. ಕಣ್ಣಾರೆ ಕಂಡದ್ದಕ್ಕೆ ‘ನೋ’, ಬೇರೆಯವರು ಹೇಳಿದ್ದಕ್ಕೆ ‘ಕೇ’, ಊಹೆಗೆ ‘ಊ’. ದೃಶ್ಯದೊಳಗೆ ನಿಮ್ಮನ್ನು ನೀವೇ ಹೊರಗಿನಿಂದ ನೋಡುತ್ತಿದ್ದರೆ, ಅಂದರೆ ಹಗ್ಗಕ್ಕೆ ಜೋತುಬಿದ್ದ ನಿಮ್ಮ ಬೆನ್ನೇ ನಿಮಗೆ ಕಾಣುತ್ತಿದ್ದರೆ, ಅದಕ್ಕೊಂದು ಚುಕ್ಕೆ ಇಡಿ. ಅದು ಸುಳ್ಳು ಎಂದಲ್ಲ. ಹಳತಾದಷ್ಟೂ ನೆನಪು ಹೀಗೆ ಹೊರಗಿನ ನೋಟಕ್ಕೆ ಜಾರುವುದು ಸಹಜ. ಆದರೆ ನಿಮ್ಮ ಬೆನ್ನನ್ನು ನೀವು ಕಂಡಿರಲು ಸಾಧ್ಯವಿಲ್ಲವಲ್ಲ, ಆ ಚಿತ್ರ ಆಮೇಲೆ ಕಟ್ಟಿದ್ದು. ಹಾಳೆಯ ಕೊನೆಗೆ ಇವತ್ತಿನ ತಾರೀಖು ಹಾಕಿ ಮುಚ್ಚಿಡಿ, ಮತ್ತೆ ತಿದ್ದಬೇಡಿ.

ಜೊತೆಗಿದ್ದವರನ್ನು ವಿಚಾರಿಸುವುದಾದರೆ ಒಬ್ಬೊಬ್ಬರನ್ನೇ. ಗ್ರೂಪಿನಲ್ಲಿ ಕೇಳಿದರೆ ಮೊದಲು ಉತ್ತರಿಸಿದವರ ನೆನಪೇ ಅರ್ಧ ಗಂಟೆಯಲ್ಲಿ ಎಲ್ಲರ ನೆನಪಾಗಿರುತ್ತದೆ. ‘ಅವತ್ತು ಮಳೆ ಬಂದಿತ್ತು ಅಲ್ವಾ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಪ್ರಶ್ನೆಯ ಒಳಗೇ ಇದೆ. ‘ಏನು ಹಾಕಿಕೊಂಡಿದ್ದೆ?’ ಎಂದು ಕೇಳಿ, ರೈನ್‌ಕೋಟ್ ತಾನಾಗಿಯೇ ಬಂದರೆ ಬರಲಿ.

ಈಗ ಪೆಟ್ಟಿಗೆ ತೆರೆಯಬಹುದು. ಫೋಟೋಗಿಂತ ಮೊದಲು ಎತ್ತಿಕೊಳ್ಳಬೇಕಾದದ್ದು ನುಣುಪು ಕಾಗದದ ರಸೀದಿ, ಬೋರ್ಡಿಂಗ್ ಪಾಸ್, ಟಿಕೆಟ್ಟುಗಳು. ಇವುಗಳಲ್ಲಿ ಬಹಳಷ್ಟು ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇರುವುದಿಲ್ಲ, ಬಿಸಿಗೆ ಬಣ್ಣ ಬದಲಿಸುವ ಲೇಪನ ಅಷ್ಟೇ. ಬೆಳಕಿಗೂ ಶಾಖಕ್ಕೂ ಮಸುಕಾಗುತ್ತದೆ, ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟರೆ ಅದರಿಂದ ಒಸರುವ ರಾಸಾಯನಿಕಕ್ಕೂ ಅಳಿಯುತ್ತದೆ. ಅಕ್ಕರೆಯಿಂದ ಲ್ಯಾಮಿನೇಟ್ ಮಾಡಿಸಿದರೆ ಯಂತ್ರದ ಶಾಖಕ್ಕೆ ಇಡೀ ಚೀಟಿ ಕಪ್ಪಾಗಿ ಹೊರಬರುತ್ತದೆ. ಆದ್ದರಿಂದ ಇವತ್ತೇ ಸ್ಕ್ಯಾನ್ ಮಾಡಿ. ಮಸುಕಾಗಿದ್ದರೆ ಬಣ್ಣದ ಮೋಡಿನಲ್ಲಿ ಸ್ಕ್ಯಾನ್ ಮಾಡಿ ಕಾಂಟ್ರಾಸ್ಟ್ ಏರಿಸಿ ನೋಡಿ; ಬರಿಗಣ್ಣಿಗೆ ಕಾಣದ ಅಂಕಿಗಳು ಎಷ್ಟೋ ಸಲ ಎದ್ದು ಬರುತ್ತವೆ.

ಅಂಟು ಹಾಳೆಯ ಹಳೆಯ ಆಲ್ಬಂಗಳು ಇನ್ನೊಂದು ಪೀಡೆ. ಫೋಟೋ ಕೀಳುವ ಮುನ್ನ ಇಡೀ ಪುಟದ ಚಿತ್ರ ತೆಗೆದುಕೊಳ್ಳಿ, ಏಕೆಂದರೆ ಅಂಟಿಸಿದ ಕ್ರಮವೂ ಸಾಕ್ಷ್ಯವೇ. ಮೇಣ ಸವರದ ಹಲ್ಲಿನ ದಾರವನ್ನು (ಡೆಂಟಲ್ ಫ್ಲಾಸ್) ಫೋಟೋ ಮತ್ತು ಹಾಳೆಯ ನಡುವೆ ತೂರಿಸಿ, ಗರಗಸದಂತೆ ನಿಧಾನಕ್ಕೆ ಎಳೆಯುತ್ತ ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗಿ. ಫೋಟೋವನ್ನು ಬಾಗಿಸಬೇಡಿ, ಮೇಲ್ಪದರ ಸೀಳುತ್ತದೆ. ಬಾರದಿದ್ದರೆ ಬಿಟ್ಟುಬಿಡಿ, ಪುಟದಲ್ಲಿದ್ದಂತೆಯೇ ಸ್ಕ್ಯಾನ್ ಮಾಡಿದರಾಯಿತು. 4×6 ಇಂಚಿನ ಪ್ರಿಂಟಿಗೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು, 2,400×3,600 ಪಿಕ್ಸೆಲ್ ಸಿಗುತ್ತದೆ. ಅದಕ್ಕಿಂತ ಏರಿಸಿದರೆ ಸಿಗುವುದು ಕಾಗದದ ನಾರು. 35 ಮಿಲಿಮೀಟರ್ ನೆಗೆಟಿವ್ ಇದ್ದರೆ ಪ್ರಿಂಟನ್ನು ಬಿಟ್ಟು ಅದನ್ನೇ 3,200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಪ್ರಿಂಟಿನ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಅರ್ಧಕ್ಕರ್ಧ ಜನ ಮರೆಯುವುದು ಇದನ್ನೇ, ಊರು-ತಾರೀಖು ಇರುವುದೂ ಅಲ್ಲೇ. ಹೊಸದಾಗಿ ಏನಾದರೂ ಬರೆಯಬೇಕಿದ್ದರೆ ಬಾಲ್ ಪೆನ್ ಬೇಡ, ಒತ್ತಿದ ಗೆರೆ ಮುಂಭಾಗದಲ್ಲಿ ಉಬ್ಬಾಗಿ ಕಾಣುತ್ತದೆ. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ ತಳ ಕೊಳೆಯತೊಡಗಿದೆ ಎಂದರ್ಥ. ಆ ಆಮ್ಲ ಪಕ್ಕದ ರೋಲುಗಳಿಗೂ ಹಬ್ಬುತ್ತದೆ, ಆದ್ದರಿಂದ ಅದನ್ನು ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿ.

ನೆಗೆಟಿವ್‌ನ ನಿಜವಾದ ಉಪಯೋಗ ಚಿತ್ರದಲ್ಲಲ್ಲ, ಅಂಚಿನಲ್ಲಿದೆ. ಪ್ರಿಂಟುಗಳು ಇಸ್ಪೀಟಿನ ಎಲೆಯಂತೆ ಕಲಸಿಹೋಗಿರುತ್ತವೆ. ಫ್ರೇಮ್ ಸಂಖ್ಯೆ ಮಾತ್ರ ಕಲಸುವುದಿಲ್ಲ: 14, 14ಎ, 15, 15ಎ. ಶಿಖರದ ಫೋಟೋ 22, ಗುಡಾರದ ಫೋಟೋ 25 ಎಂದಿದ್ದರೆ ಗುಡಾರ ಇಳಿಯುವಾಗಿನದು, ಹತ್ತುವಾಗಿನದಲ್ಲ. ಅಂಚಿನ ಅಕ್ಷರ ತಿರುಗುಮುರುಗಾಗಿ ಓದಿಸುತ್ತಿದ್ದರೆ ಪಟ್ಟಿಯನ್ನು ಮಗುಚಿ ಇಟ್ಟಿದ್ದೀರಿ, ಎಡಗೈಯ ಹಗ್ಗ ಬಲಗೈಗೆ ಹೋಗಿದೆ. ಸ್ಲೈಡಿನ ಚೌಕಟ್ಟಿನ ಮೇಲೆ ತಿಂಗಳು-ವರ್ಷದ ಮುದ್ರೆ ಇದ್ದರೆ ಅದು ಸಂಸ್ಕರಿಸಿದ ತಿಂಗಳು, ಕ್ಲಿಕ್ಕಿಸಿದ್ದಲ್ಲ. ರೋಲ್ ಮುಗಿಯಲಿ ಎಂದು ಕ್ಯಾಮೆರಾದೊಳಗೆ ಆರು ತಿಂಗಳು ಕಾದ ಫಿಲ್ಮುಗಳು ಎಷ್ಟಿಲ್ಲ.

ಡಿಜಿಟಲ್ ಫೋಟೋ ಸುಲಭ ಎಂದುಕೊಳ್ಳಬೇಡಿ. ಕಂಪ್ಯೂಟರಿನಲ್ಲಿ ಕಾಣುವ ‘ಮಾರ್ಪಡಿಸಿದ ದಿನಾಂಕ’ ಬಹುತೇಕ ಯಾವಾಗಲೋ ಎಡಿಟ್ ಮಾಡಿದ ದಿನದ್ದು, ಇಲ್ಲವೇ ನಕಲು ಮಾಡಿದ ದಿನದ್ದು. ಕ್ಲಿಕ್ಕಿಸಿದ ಸಮಯ ಫೈಲಿನೊಳಗೆ ಕ್ಯಾಮೆರಾ ತಾನೇ ಬರೆದಿಡುವ ಎಕ್ಸಿಫ್ ದತ್ತಾಂಶದಲ್ಲಿದೆ, ಮೆಸೇಜಿಂಗ್ ಆ್ಯಪ್ ಮೂಲಕ ಹಾದುಬಂದ ಫೋಟೋದಲ್ಲಿ ಅದೂ ಸಾಮಾನ್ಯವಾಗಿ ಅಳಿದಿರುತ್ತದೆ. ಬ್ಯಾಟರಿ ಪೂರ್ತಿ ಸತ್ತ ಕ್ಯಾಮೆರಾ ಗಡಿಯಾರವನ್ನು ಯಾವುದೋ ಒಂದು ಜನವರಿ 1ಕ್ಕೆ ಹಿಂತಿರುಗಿಸಿಕೊಳ್ಳುತ್ತದೆ. ಆಗ ಎಲ್ಲ ತಾರೀಖೂ ತಪ್ಪು, ಆದರೆ ಎರಡು ಫೋಟೋಗಳ ನಡುವಿನ ಅಂತರ ಸರಿಯಾಗಿಯೇ ಇರುತ್ತದೆ. ಒಂದೇ ಒಂದು ಫೋಟೋದ ನಿಜ ಸಮಯ ಸಿಕ್ಕರೆ ಸಾಕು. ನಿಲ್ದಾಣದ ಗಡಿಯಾರವೋ ಯಾರದೋ ಮಣಿಕಟ್ಟಿನ ವಾಚೋ ಚೌಕಟ್ಟಿನಲ್ಲಿ ಬಿದ್ದಿದ್ದರೆ, ವ್ಯತ್ಯಾಸ ಲೆಕ್ಕ ಹಾಕಿ ಎಕ್ಸಿಫ್‌ಟೂಲ್‌ನಂಥ ತಂತ್ರಾಂಶದಲ್ಲಿ ಇಡೀ ಗುಂಪನ್ನು ಒಟ್ಟಿಗೆ ಸರಿಸಬಹುದು. ನಡುವೆ ಬ್ಯಾಟರಿ ಮತ್ತೊಮ್ಮೆ ಸತ್ತಿದೆಯೇ ನೋಡಿಕೊಳ್ಳಿ, ಸತ್ತಿದ್ದರೆ ಅಲ್ಲಿಂದಾಚೆಗೆ ಬೇರೆಯೇ ಲೆಕ್ಕ.

ತಾರೀಖಿನ ಸುಳಿವೇ ಇಲ್ಲದಿದ್ದರೆ ಆಕಾಶ ನೋಡಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಯಾವ ವರ್ಷದ ಯಾವ ತಿಂಗಳು ಎಂದು ಗೊತ್ತಿದ್ದು, ಫೋಟೋದಲ್ಲಿ ತುಂಬು ಚಂದ್ರನಿದ್ದರೆ ಹಳೆಯ ಪಂಚಾಂಗವೇ ದಿನವನ್ನು ಎರಡು ಮೂರಕ್ಕೆ ಇಳಿಸಿಕೊಡುತ್ತದೆ. ಮುಳುಗುವ ಸೂರ್ಯನ ಎದುರು ದಿಕ್ಕಿನಲ್ಲಿ ಚಂದ್ರ ಏಳುತ್ತಿದ್ದರೆ ಇನ್ನೂ ಖಚಿತ.

ಇಷ್ಟಾದ ಮೇಲೆ ಗಣಿತ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ರುಚಿ ಎನಿಸುವುದು ಇದೇ. ಸಾಹಸಗಳೆಲ್ಲ ಭೌತಶಾಸ್ತ್ರಕ್ಕೆ ಕಟ್ಟುಬಿದ್ದವು, ನೆನಪು ಮಾತ್ರ ಯಾವುದಕ್ಕೂ ಕಟ್ಟುಬಿದ್ದಿಲ್ಲ.

ಸ್ಕೈಡೈವಿಂಗ್ ತೆಗೆದುಕೊಳ್ಳಿ. ‘ಎರಡು ಮೂರು ನಿಮಿಷ ಬೀಳುತ್ತಲೇ ಇದ್ದೆ’ ಎಂದು ಹಾಳೆಯಲ್ಲಿ ಇರುತ್ತದೆ. ಪ್ರಮಾಣಪತ್ರದಲ್ಲಿ 13,000 ಅಡಿ ಎಂದಿದೆ. ಟ್ಯಾಂಡಮ್ ಜಿಗಿತದಲ್ಲಿ, ಅಂದರೆ ತರಬೇತುದಾರರೊಂದಿಗೆ ಕಟ್ಟಿಕೊಂಡು ಜಿಗಿಯುವಾಗ, ಪ್ಯಾರಾಚೂಟ್ ಬಿಚ್ಚುವುದು ಸುಮಾರು 5,000 ಅಡಿಯ ಸುತ್ತ, ಅಂದರೆ ಬಿದ್ದದ್ದು 8,000 ಅಡಿ. ಮೊದಲ ಸಾವಿರ ಅಡಿಗೆ ಸುಮಾರು ಹತ್ತು ಸೆಕೆಂಡು. ವೇಗ ಗಂಟೆಗೆ 190-200 ಕಿಲೋಮೀಟರಿಗೆ ಸ್ಥಿರವಾದ ಮೇಲೆ ಪ್ರತಿ ಸಾವಿರಕ್ಕೆ ಐದೂವರೆ ಸೆಕೆಂಡು. ಹತ್ತಕ್ಕೆ ಏಳು ಐದೂವರೆ ಕೂಡಿಸಿ: 48 ಸೆಕೆಂಡು ಚಿಲ್ಲರೆ. ಇನ್ನೊಂದು ಮಾತು, ಆಗ ಕೊಟ್ಟ ವಿಡಿಯೋ ಇಟ್ಟುಕೊಂಡು ಸಮಯ ಅಳೆಯಲು ಹೋಗಬೇಡಿ. ಅದನ್ನು ಹಾಡಿನ ತಾಳಕ್ಕೆ ಕತ್ತರಿಸಿ, ಚೆನ್ನಾಗಿ ಕಾಣುವ ಕಡೆ ನಿಧಾನಗೊಳಿಸಿ ಕೊಟ್ಟಿರುತ್ತಾರೆ.

ಬಿದ್ದವರು ಬೊಗಳೆ ಬಿಡುತ್ತಿದ್ದಾರೆ ಎಂದಲ್ಲ. 2007ರಲ್ಲಿ ಚೆಸ್ ಸ್ಟೆಟ್ಸನ್, ಡೇವಿಡ್ ಈಗಲ್‌ಮನ್ ಮುಂತಾದವರು ಸ್ವಯಂಸೇವಕರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿದರು. ಬೀಳುವ ಅವಧಿ ಎರಡೂವರೆ ಸೆಕೆಂಡು. ಬೇರೆಯವರು ಬಿದ್ದದ್ದಕ್ಕಿಂತ ತಾವು ಬಿದ್ದದ್ದು ಸರಾಸರಿ 36 ಶೇಕಡ ಹೆಚ್ಚು ಹೊತ್ತು ಎಂದು ಅವರಿಗೆ ಅನಿಸಿತ್ತು. ಬೀಳುತ್ತಲೇ ಓದಬೇಕಾಗಿದ್ದ, ವೇಗವಾಗಿ ಮಿನುಗುವ ಅಂಕಿಗಳನ್ನು ಮಾತ್ರ ಅವರು ನೆಲದ ಮೇಲಿದ್ದಾಗಿಗಿಂತ ಚೆನ್ನಾಗಿ ಓದಲಿಲ್ಲ. ಕಾಲ ನಿಧಾನವಾಗಿದ್ದು ಆ ಹೊತ್ತಿನಲ್ಲಲ್ಲ, ಆಮೇಲೆ ನೆನೆದಾಗ.

ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾದಲ್ಲಿ, ಪ್ರತಿ ಡೈವಿನ ವಿವರ ಬರೆದಿಡುವ ಲಾಗ್‌ಬುಕ್ಕಿನ ಲೆಕ್ಕ ಸ್ವಲ್ಪ ಸೂಕ್ಷ್ಮ. ಸಿಲಿಂಡರ್ 12 ಲೀಟರ್, ಶುರುವಿನಲ್ಲಿ ಗಾಳಿಯ ಒತ್ತಡ 200 ಬಾರ್ (ಒಂದು ಬಾರ್ ಸುಮಾರು ಒಂದು ವಾತಾವರಣದಷ್ಟು ಒತ್ತಡ), ಮೇಲೆ ಬಂದಾಗ 50 ಬಾರ್, ಒಟ್ಟು 40 ನಿಮಿಷ, ಆಳ 20 ಮೀಟರ್ ಎಂದು ಬರೆದಿದೆ ಎಂದುಕೊಳ್ಳಿ. ಬಳಸಿದ ಗಾಳಿ 150 ಗುಣಿಸು 12, ಅಂದರೆ 1,800 ಲೀಟರ್, ನಿಮಿಷಕ್ಕೆ 45. ಪ್ರತಿ ಹತ್ತು ಮೀಟರಿಗೆ ಒತ್ತಡ ಒಂದು ವಾತಾವರಣದಷ್ಟು ಏರುವುದರಿಂದ 20 ಮೀಟರಿನಲ್ಲಿ ಒತ್ತಡ ಮೂರು ಪಟ್ಟು. 45ನ್ನು ಮೂರರಿಂದ ಭಾಗಿಸಿದರೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 15 ಲೀಟರ್. ಅದು ಪಳಗಿದವರ ಉಸಿರು, ನಾಲ್ಕನೇ ಡೈವಿನ ಹೊಸಬರದ್ದಲ್ಲ. ಹಾಗಾದರೆ ಲಾಗ್‌ಬುಕ್ ಸುಳ್ಳೇ? ಅಲ್ಲ. ಅದರಲ್ಲಿ ಬರೆಯುವುದು ಗರಿಷ್ಠ ಆಳ. ಸರಾಸರಿ ಆಳ 10 ಮೀಟರ್ ಇದ್ದಿದ್ದರೆ ಉತ್ತರ 22.5 ಲೀಟರ್, ಹೊಸಬರಿಗೆ ಸರಿಯಾಗಿ ಹೊಂದುತ್ತದೆ. 20 ಮೀಟರಿಗೆ ಇಳಿದದ್ದು ನಿಜ, ಅಲ್ಲೇ ನಲವತ್ತು ನಿಮಿಷ ಇದ್ದದ್ದು ಸುಳ್ಳು.

ಮೀನಿನ ಉದ್ದಕ್ಕೂ ಕತ್ತರಿ ಹಾಕಬೇಕು. ನೀರಿನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಪ್ರಮಾಣ) 1.33 ಆದ್ದರಿಂದ ಮಾಸ್ಕಿನ ಗಾಜಿನ ಮೂಲಕ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಎರಡು ಮೀಟರಿನ ಶಾರ್ಕ್ ಒಂದೂವರೆ ಮೀಟರಿನದು. ಪ್ರತಿ ಸಲ ಹೇಳುವಾಗ ಅದು ಬೆಳೆದದ್ದು ಬೇರೆ, ಅದಕ್ಕೆ ಸೂತ್ರವಿಲ್ಲ. ನೀರಿನಡಿ ಮೊದಲು ಮಂಕಾಗುವ ಬಣ್ಣ ಕೆಂಪು, ಐದಾರು ಮೀಟರಿನಿಂದಲೇ ಕಂದು ಕಂದಾಗುತ್ತ ಹೋಗುತ್ತದೆ. ಫ್ಲ್ಯಾಷ್ ಇಲ್ಲದೆ ತೆಗೆದ, ಬಣ್ಣ ತಿದ್ದದ ಫೋಟೋದಲ್ಲಿ ಕೆಂಪು ಪಟ್ಟಿ ಕೆಂಪಾಗಿಯೇ ಹೊಳೆಯುತ್ತಿದ್ದರೆ ಅದು ಆಳದ ಫೋಟೋ ಅಲ್ಲ.

ಚಾರಣಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರವನ್ನು ಇವತ್ತಿಗೆ ಹೊಂದಿಸಿದರೆ ಗಂಟೆಗೆ ಐದು ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹನ್ನೆರಡು ಕಿಲೋಮೀಟರ್, 900 ಮೀಟರ್ ಏರು ಎಂದರೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಅದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ, ಎತ್ತರದ ಪ್ರದೇಶಕ್ಕೆ ಹೊಂದುವುದಿಲ್ಲ. ಆದರೂ ‘ಹತ್ತು ಗಂಟೆ ನಡೆದೆವು’ ಎಂದಿರುವಲ್ಲಿ ಉಳಿದ ಆರು ಗಂಟೆ ಎಲ್ಲಿ ಕಳೆಯಿತು ಎಂದು ಹುಡುಕಲು ಅದು ದಾರಿ ಮಾಡಿಕೊಡುತ್ತದೆ. ಬೇರೆಲ್ಲೂ ದಾಖಲಾಗದ ಸಂಗತಿಗಳು ಆ ಆರು ಗಂಟೆಯಲ್ಲೇ ಇರುತ್ತವೆ: ದಾರಿ ತಪ್ಪಿದ್ದು, ಯಾರದೋ ಕಾಲು ಉಳುಕಿದ್ದು, ಮಂಜು ಕವಿದು ಕಾದದ್ದು. ಸುಮಾರು 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ; ನಿದ್ದೆಯೂ ಕೆಟ್ಟಿರುತ್ತದೆ, ಆಮ್ಲಜನಕವೂ ಸಾಲದು. ಅಲ್ಲಿನ ನೆನಪಿನಲ್ಲಿ ತೂತುಗಳಿರುವುದೇ ಸಹಜ. ತುಂಬಲು ಹೋಗಬೇಡಿ.

ಎರಡು ದಾಖಲೆ ಪಕ್ಕಪಕ್ಕ ಇಟ್ಟಾಗ ಆಗ ಗೊತ್ತೇ ಆಗದಿದ್ದ ಅಪಾಯಗಳೂ ಹೊರಬರುತ್ತವೆ. ಲಾಗ್‌ಬುಕ್ಕಿನ ಪ್ರಕಾರ ಸತತ ಮೂರು ದಿನ ಡೈವ್, ಕೊನೆಯದರಿಂದ ಮೇಲೆ ಬಂದದ್ದು ಸಂಜೆ ನಾಲ್ಕಕ್ಕೆ. ಬೋರ್ಡಿಂಗ್ ಪಾಸಿನ ಪ್ರಕಾರ ವಿಮಾನ ಮರುದಿನ ಬೆಳಿಗ್ಗೆ ಆರಕ್ಕೆ. ನಡುವೆ 14 ಗಂಟೆ. ಹಲವು ಡೈವ್‌ಗಳ ನಂತರ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು ಎಂಬುದು ಈಗ ಒಪ್ಪಿತವಾದ ಸಲಹೆ. ದೇಹದಲ್ಲಿ ಕರಗಿ ಉಳಿದ ನೈಟ್ರೋಜನ್, ಕ್ಯಾಬಿನ್ನಿನ ಕಡಿಮೆ ಒತ್ತಡಕ್ಕೆ ಗುಳ್ಳೆಯಾಗಿ ಏಳಬಹುದು. ಅಂದು ಏನೂ ಆಗಲಿಲ್ಲ ಎಂಬುದು ಅದು ಸುರಕ್ಷಿತವಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಹಾಗೆಯೇ ಗುಡಾರ ಹಾಕಿದ ಜಾಗಗಳ ಎತ್ತರವನ್ನು ಸಾಲಾಗಿ ಬರೆದು ನೋಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಪಟ್ಟಿಯಲ್ಲಿ 3,100ರಿಂದ 4,000ಕ್ಕೆ ಒಂದೇ ನೆಗೆತ ಕಂಡರೆ, ಮೂರನೇ ರಾತ್ರಿ ತಲೆನೋವಿಂದ ಒದ್ದಾಡಿದವನು ‘ವೀಕು’ ಆಗಿದ್ದನೋ ಯೋಜನೆಯೇ ತಪ್ಪಿತ್ತೋ ಎಂಬುದಕ್ಕೆ ಇಷ್ಟು ವರ್ಷದ ಮೇಲಾದರೂ ಉತ್ತರ ಸಿಗುತ್ತದೆ. ಆ ಗುಂಪಿನಲ್ಲಿ ಇವತ್ತಿಗೂ ಅವನನ್ನು ಗೇಲಿ ಮಾಡುತ್ತಿದ್ದರೆ ಒಂದು ಫೋನ್ ಮಾಡುವುದು ಒಳ್ಳೆಯದು.

ನೆನಪೂ ಕಾಗದವೂ ಒಪ್ಪದ ಕಡೆ ಗೆದ್ದದ್ದನ್ನು ಉಳಿಸಿ ಸೋತದ್ದನ್ನು ಅಳಿಸಬೇಡಿ. ಒಂದರ ಕೆಳಗೊಂದು ಬರೆಯಿರಿ. ‘ನೆನಪು: ಎರಡು ಮೂರು ನಿಮಿಷ ಬಿದ್ದೆ, ಊ. ಪ್ರಮಾಣಪತ್ರ: 13,000 ಅಡಿ. ಲೆಕ್ಕ: 48 ಸೆಕೆಂಡು.’ ಮೂರು ಸಾಲೂ ಇರಲಿ. ಕಾಗದವೂ ಎಡವುತ್ತದೆ. ಪ್ರಮಾಣಪತ್ರದ ಎತ್ತರ ಎಷ್ಟೋ ಕಡೆ ಮೊದಲೇ ಅಚ್ಚಾಗಿರುತ್ತದೆ. ಮೋಡ ಅಡ್ಡ ಬಂದು ಅಂದು 10,000 ಅಡಿಯಿಂದಲೇ ಬಿಟ್ಟಿದ್ದರೂ ಅದರಲ್ಲಿ 13,000 ಎಂದೇ ಇರುತ್ತದೆ.

ಕೊನೆಗೆ ಆ ಬಕೆಟ್ ಲಿಸ್ಟಿನ ಹಾಳೆ. ಅಂಶಗಳನ್ನು ಟೈಪ್ ಮಾಡಿಕೊಂಡು ಮೂಲ ಹಾಳೆಯನ್ನು ಎಸೆದುಬಿಡುವವರಿದ್ದಾರೆ. ಪೆನ್ನಿನ ಬಣ್ಣ ಎಲ್ಲಿ ಬದಲಾಗಿದೆ, ಯಾವುದನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಿದೆ, ಯಾವುದನ್ನು ಓದಲಾಗದಂತೆ ಗೀಚಿದೆ ಎಂಬುದೆಲ್ಲ ಮೂಲದಲ್ಲಿ ಮಾತ್ರ ಇರುತ್ತದೆ. ಮುಗಿಸಿದ್ದಕ್ಕೆ ಹಾಕಿದ ಗೆರೆಯೂ ಕೈಬಿಟ್ಟದ್ದಕ್ಕೆ ಹಾಕಿದ ಗೆರೆಯೂ ಸಾಮಾನ್ಯವಾಗಿ ಒಂದೇ ಥರ ಇರುವುದಿಲ್ಲ. ಪಟ್ಟಿ ನೋಟ್‌ಬುಕ್ಕಿನಲ್ಲಿತ್ತು, ಆದರೆ ಆ ಹಾಳೆ ಹರಿದುಹೋಗಿದೆ ಎಂದರೆ ಅದರ ಮುಂದಿನ ಖಾಲಿ ಹಾಳೆ ಹುಡುಕಿ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಹಾಳೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಅಂಚಿನಲ್ಲಿ ಹಿಡಿಯಿರಿ. ಒತ್ತಿ ಬರೆದ ಅಕ್ಷರಗಳ ತಗ್ಗು ನೆರಳಾಗಿ ಏಳುತ್ತದೆ. ಬೆಳಕನ್ನು ನಾಲ್ಕೂ ಕಡೆಯಿಂದ ಹಾಯಿಸಿ ನಾಲ್ಕು ಫೋಟೋ ತೆಗೆದುಕೊಳ್ಳಿ, ಒಂದು ಬದಿಯಿಂದ ಕಾಣದ ಗೆರೆ ಇನ್ನೊಂದು ಬದಿಯಿಂದ ಕಾಣುತ್ತದೆ. ಸಿನಿಮಾ ಪತ್ತೇದಾರರಂತೆ ಪೆನ್ಸಿಲ್ ಉಜ್ಜಲು ಮಾತ್ರ ಹೋಗಬೇಡಿ. ಗ್ರಾಫೈಟ್ ತಗ್ಗಿಗೂ ಇಳಿದು ಮೆತ್ತಿಕೊಂಡಿತೆಂದರೆ ಆ ಹಾಳೆಯನ್ನು ಇನ್ನೊಮ್ಮೆ ಓದುವ ಆಸೆ ಬಿಡಬೇಕು.